ಕುದಿ ಬಂದ ಮೇಲೆ ನೂರೆಣಿಸು

ಪೋಲೆಂಡಿನಿಂದ ಮದುವೆಗೆ ನಲವತ್ತೊಂದು ಹೊಟ್ಟೆಗಳು ಬರುತ್ತಿವೆ
ಎಂದರು ಮ್ಯಾನೇಜರ್ ಮಕಾಮೆ.
ಜನ ಅನ್ನಲಿಲ್ಲ, ಹೊಟ್ಟೆಗಳು ಎಂದೇ ಅಂದರು.
ಹೋದ ವರ್ಷದ ಮದುವೆಯಲ್ಲಿ
ಉಂಗುರ ತೊಡಿಸುವ ಹೊತ್ತಿಗೆ ಸರಿಯಾಗಿ ಮದುಮಗ
ತೆಂಗಿನ ಮರೆಗೆ ಓಡಿದ್ದು ಇನ್ನೂ ಅವರ ಕಣ್ಣಲ್ಲಿತ್ತು.

ಅದಕ್ಕೇ ಜಂಬಿಯಾನಿಯ ಈ ಹೋಟೆಲಿನ ಒಲೆಯ ಮುಂದೆ
ಮೂರು ದಿನದಿಂದ ನೀರು ಕಾಯಿಸುತ್ತಿದ್ದೇನೆ.
ಕುದಿ ಬಂದ ಮೇಲೆ ನೂರೆಣಿಸು, ಆಮೇಲೆ ಇಳಿಸು.
ಅರವತ್ತರ ಹತ್ತಿರ ಯಾವಾಗಲೂ ತಪ್ಪುತ್ತೇನೆ,
ತಪ್ಪಿದರೆ ಮತ್ತೆ ಒಂದರಿಂದ.
ಸೊಪ್ಪು ತೊಳೆಯಲು ಆ ನೀರು,
ಐಸು ಕಟ್ಟಲು ಆ ನೀರು,
ಐಸು ಎತ್ತುವ ಇಕ್ಕಳ ತೊಳೆಯಲೂ ಅದೇ.
ಹಣ್ಣು ಸಿಪ್ಪೆಯೊಂದಿಗೇ ಮೇಜಿಗೆ ಹೋಗಬೇಕು,
ಅವರವರ ಬೆರಳೇ ಸುಲಿಯಲಿ.
ಆಕ್ಟೋಪಸ್ ಸಾರು ತುಟಿ ಸುಡುವಷ್ಟು ಬಿಸಿ ಇರಬೇಕು.
ಆರಿದ್ದು ಯಾವುದೂ ಒಲೆ ದಾಟುವಂತಿಲ್ಲ.

ಬಂದರು.
ಮದುಮಗಳು ಕಿಂಗಾ ಬಂದ ಗಳಿಗೆಯೇ
ಬೀದಿಬದಿಯ ಹುಳಿ ಮಾವಿಗೆ ಖಾರ ಹಚ್ಚಿಸಿಕೊಂಡು ತಿಂದಳು,
ಏನೂ ಆಗಲಿಲ್ಲ.
ಅವಳ ಅತ್ತೆ ಬೊಗುಮಿವಾ ಮಾತ್ರ
ಬಾಟಲಿಯ ಮುಚ್ಚಳ ಟಕ್ಕೆಂದರಷ್ಟೇ ನಂಬುವ ಹೆಂಗಸು.
ಹಲ್ಲುಜ್ಜಲೂ ಬಾಟಲಿ.
ಶವರಿನಡಿ ತುಟಿ ಬಿಗಿದು ನಿಲ್ಲುತ್ತಾಳಂತೆ,
ಬಾಗಿಲಾಚೆಯಿಂದ ಕರೆದರೆ ಓಗೊಡುವುದಿಲ್ಲವಂತೆ,
ಕೋಣೆ ಗುಡಿಸುವ ಟಾಟು ನಕ್ಕು ನಕ್ಕು ಹೇಳಿದಳು.
ಕೈಚೀಲದ ತುಂಬ ಇದ್ದಿಲ ಮಾತ್ರೆ.
ನಾನು ತಟ್ಟೆ ಇಡುವಾಗ ಅವಳು ನೋಡಿದ್ದು ತಟ್ಟೆಯನ್ನಲ್ಲ,
ನನ್ನ ಉಗುರುಗಳನ್ನು.
ತೊಳೆದ ಕೈಯನ್ನೇ ಮತ್ತೆ ತೊಳೆದೆ.

ಸಂಜೆ ಬ್ರೆಡ್ಡು, ಉಪ್ಪು ಹಿಡಿದು
ಜೋಡಿಯನ್ನು ಎದುರುಗೊಂಡರು. ಅದು ಅವರ ಶಾಸ್ತ್ರ.
ಆಮೇಲೆ ಲೋಟ ಎತ್ತಿ ಗೋಷ್ಕೋ, ಗೋಷ್ಕೋ ಎಂದು ಕೂಗು.
ಕಹಿ, ಕಹಿ ಎಂದರ್ಥವಂತೆ.
ಮದುಮಕ್ಕಳು ಮುತ್ತಿಟ್ಟ ಮೇಲೆಯೇ ಮದ್ಯ ಸಿಹಿಯಾಗುವುದಂತೆ.
ಇಳಿತದ ಕಡಲು ದೂರದಲ್ಲಿ ಸುಮ್ಮನೆ ಕೂತಿತ್ತು.

ನಡುರಾತ್ರಿ ಅಡುಗೆಮನೆ ಬಾಗಿಲಲ್ಲಿ ಬೊಗುಮಿವಾ.
ಮುಖ ಸುಣ್ಣ. ಒಂದು ಕೈ ಹೊಟ್ಟೆಯ ಮೇಲೆ,
ಇನ್ನೊಂದರಲ್ಲಿ ಬೆಳ್ಳಿಹಾಳೆಯ ಮುದ್ದೆ.
ಊರಿಂದ ತಾನೇ ಕಟ್ಟಿ ತಂದ ಮೊಟ್ಟೆ ಬ್ರೆಡ್ಡು,
ಎರಡು ವಿಮಾನ, ಎರಡು ಹಗಲು ದಾಟಿ ಬಂದದ್ದು.
ನಮ್ಮದು ಯಾವುದನ್ನೂ ನಂಬದೆ
ಅದೊಂದನ್ನೇ ನಂಬಿ ತಿಂದಿದ್ದಳು.

ನಗು ಬಂತು, ಸುಳ್ಳು ಹೇಳುವುದಿಲ್ಲ.
ನಗು ಒಳಗೇ ಇಳಿಯಿತು.
ಲೀಟರು ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು,
ತಲೆತಟ್ಟಿ, ಗೋಪುರ ಕಟ್ಟದೆ.
ಇದನ್ನು ನನಗೆ ಯಾರೂ ಹೋಟೆಲಿನಲ್ಲಿ ಕಲಿಸಲಿಲ್ಲ.
ಆಚೆ ವರ್ಷದ ದೊಡ್ಡ ಮಳೆಗೆ ಬಾವಿ ಕೆಂಪಾದಾಗ
ಐದು ರಾತ್ರಿ ನನ್ನ ತುಮು ಹಿಂಡಿದ ಬಟ್ಟೆಯಂತೆ ಮಲಗಿದ್ದಳು,
ಆಸ್ಪತ್ರೆಯ ನರ್ಸು ನನ್ನ ಅಂಗೈ ಮೇಲೇ ಅಳೆದು ತೋರಿಸಿದ್ದಳು.
ನೀರು ಕಾಯಿಸಿರಲಿಲ್ಲವೇ ಎಂದು ಕೇಳಿದಳು.
ಇದ್ದಿಲ ಮೂಟೆಯ ಬೆಲೆ ಹೇಳಲಿಲ್ಲ ನಾನು.
ತಲೆ ತಗ್ಗಿಸಿದೆ.

ಬೊಗುಮಿವಾ ನನ್ನ ಸ್ಟೀಲ್ ಲೋಟ ನೋಡಿದಳು.
ಲೋಟಕ್ಕೆ ಮುಚ್ಚಳವಿಲ್ಲ, ಟಕ್ಕೆನ್ನುವುದೂ ಇಲ್ಲ.
ಉಪ್ಪು ತಿಂದವರು ನೀರು ಕುಡಿಯಲೇಬೇಕು ಎನ್ನುತ್ತಾರಲ್ಲ,
ಯಾವ ನೀರು ಎಂದು ಗಾದೆ ಹೇಳುವುದಿಲ್ಲ.
ಗುಟುಕು ಗುಟುಕಾಗಿ ಕುಡಿದಳು.
ಮೆಟ್ಟಿಲ ಮೇಲೆ ಕೂತೇ ಬೆಳಗಾಯಿತು.
ಹೆಂಗಸರು ಪಾಚಿ ಕೀಳಲು ಕಡಲಿಗಿಳಿಯುವುದನ್ನು ನೋಡುತ್ತ
ತನ್ನ ಭಾಷೆಯಲ್ಲಿ ಏನೋ ಹೇಳಿದಳು.
ನಾನೂ ನನ್ನದರಲ್ಲಿ ಏನೋ ಹೇಳಿದೆ.

ಕೆಲಸ ಬಿಡುವಾಗ ಹಳದಿ ಕ್ಯಾನಿಗೆ
ಉಳಿದ ನೀರು ತುಂಬಿಕೊಂಡೆ, ದಿನದಂತೆ.
ಮಕಾಮೆ ಕಂಡರು,
ಕಾಣದವರಂತೆ ಬಾಳೆಗೊನೆ ಎಣಿಸತೊಡಗಿದರು.